ನಲವತ್ತನಾಲ್ಕನೇ ಚೀಟಿ

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಹೊಟೇಲಿನ ಶೀನ ಇಡ್ಲಿಯ ಕ್ಯಾರಿಯರ್ ಹಿಡಿದು ಭೋಜರಾಜರ ಕೋಣೆಗೆ ಮಹಡಿ ಹತ್ತಿದ. ಬಾಗಿಲು ತಟ್ಟಿದ. ಉತ್ತರ ಬರಲಿಲ್ಲ. ಅವರು ಕೊಟ್ಟಿದ್ದ ಇನ್ನೊಂದು ಕೀಲಿ ಅವನ ಬಳಿ ಇತ್ತು. ತೆರೆದ. ಭೋಜರಾಜರು ಕಿಟಕಿಯ ಕೆಳಗೆ ಅಂಗಾತ ಬಿದ್ದಿದ್ದರು. ಕಿಟಕಿಯ ಕಲ್ಲಿನ ಅಂಚಿನಲ್ಲಿ ರಕ್ತ ಒಣಗಿತ್ತು.

ಶೀನ ಕೂಗಿದ. ಅದೇ ಅವನು ಮಾಡಿದ ತಪ್ಪು. ಸುಮ್ಮನೆ ಇಳಿದು ಹೋಗಿದ್ದರೆ ಪೊಲೀಸರಿಗೆ ಅವನ ಹೆಸರೂ ಗೊತ್ತಾಗುತ್ತಿರಲಿಲ್ಲ.

ಅನಸೂಯ ಒಂಬತ್ತಕ್ಕೆ ಬಂದಳು. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನ ಗುಮಾಸ್ತೆ, ಇಪ್ಪತ್ತೇಳು ವರ್ಷ. ಮದರಾಸಿನ ವೆಸ್ಟ್ ಮಾಂಬಲಂನಲ್ಲೇ ಎರಡು ಬೀದಿ ಆಚೆ ಮನೆ. ಭೋಜರಾಜರ ಕೈ ನಡುಗುತ್ತಿದ್ದುದರಿಂದ ಭಾನುವಾರಗಳಲ್ಲಿ ಅವರ ನಾಣ್ಯಗಳನ್ನು ತೂಗಿ ಕೊಡುತ್ತಿದ್ದಳು. ಪರೀಕ್ಷೆಗೆ ಓದುವುದಿತ್ತೆಂದು ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಇವತ್ತು ಬಂದರೆ ಮೆಟ್ಟಿಲ ಮೇಲೆ ಪೊಲೀಸರು.

ಒಳಗೆ ಮರದ ಟ್ರೇಗಳು ಕೆಂಪು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಒಂದರ ಮೂಲೆ ಸೀಳಿತ್ತು. ತೂಗುವ ಮೇಜು ಮಗುಚಿತ್ತು. ನಾಣ್ಯಗಳೂ ಅವುಗಳ ಚೀಟಿಗಳೂ ಮಂಚದ ಮೇಲೆ, ಹರಡಿದ ಹೊದಿಕೆಯಲ್ಲಿ ರಾಶಿಯಾಗಿದ್ದವು. ನೆಲದ ಮೇಲೆ ಒಂದು ನಾಣ್ಯವೂ ಇರಲಿಲ್ಲ.

ಅನಸೂಯ ಅದನ್ನು ನೋಡಿದಳು. ಸಬ್ ಇನ್‌ಸ್ಪೆಕ್ಟರ್ ನೋಡಲಿಲ್ಲ. ಅವನು ಶೀನನ ಕತ್ತಿನಪಟ್ಟಿ ಹಿಡಿದಿದ್ದ.

"ಒಂದು ಟ್ರೇ ಇಲ್ಲ. ಏನಿತ್ತು ಅದರಲ್ಲಿ?" ತಮಿಳಿನಲ್ಲಿ ಕೇಳಿದ.

"ವರಾಹ. ಹದಿನೆಂಟು. ಚಿನ್ನದ್ದಲ್ಲ ಸರ್. ತಾಮ್ರಕ್ಕೆ ಚಿನ್ನದ ಮುಲಾಮು. ಬೀರುವಿನ ಮೇಲೆ ಬರೆದಿದೆ ನೋಡಿ" ಎಂದಳು ಅನಸೂಯ.

ಬೀರುವಿನ ಮೇಲೆ ಕನ್ನಡದಲ್ಲೂ ತಮಿಳಿನಲ್ಲೂ ಬರೆದಿತ್ತು: ಒಳಗಿರುವುದೆಲ್ಲ ಖೋಟಾ.

ಅವನು ನಕ್ಕ. "ಖೋಟಾವನ್ನು ಯಾರಾದರೂ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರಾ, ಮೇಡಂ?"

ಭೋಜರಾಜರು ಇಡುತ್ತಿದ್ದರು. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಸುಳ್ಳು ಟಿಕೆಟ್ ಹಿಡಿದೂ ಹಿಡಿದೂ ಅವರಿಗೆ ಸುಳ್ಳಿನ ಕೆಲಸಗಾರಿಕೆಯ ಮೇಲೇ ಆಸೆ ಹುಟ್ಟಿತು. ಖೋಟಾ ನಾಣ್ಯ ಮಾತ್ರ ಸಂಗ್ರಹಿಸಿದರು. ಮೂರು ವರ್ಗ ಮಾಡಿದರು. ಮೊದಲನೆಯದು ಸಂತೆ ಖೋಟಾ: ಆ ಕಾಲದಲ್ಲೇ ಮಾಡಿ ಆ ಕಾಲದ ಸಂತೆಯಲ್ಲೇ ದಾಟಿಸಿದ್ದು. ಎರಡನೆಯದು ಒಡವೆ ಖೋಟಾ: ಹಾರಕ್ಕೆ ಪೋಣಿಸಲು ಮಾಡಿದ ಮುಲಾಮಿನ ವರಾಹಗಳು. ಮೂರನೆಯದು ಸಂಗ್ರಹ ಖೋಟಾ: ನಾಣ್ಯ ಸಂಗ್ರಹಿಸುವವರನ್ನೇ ಮೋಸ ಮಾಡಲು ಈಚೆಗೆ ಮಾಡಿದ್ದು. "ಮೊದಲನೆಯವನು ಹಸಿದಿದ್ದ. ಮೂರನೆಯವನು ಉಂಡು ಕೂತಿದ್ದಾನೆ" ಎನ್ನುತ್ತಿದ್ದರು.

ಕೆಳಗಿನ ಮನೆಯ ಜಲಜಾಕ್ಷಿಯಮ್ಮ, ಮನೆಯ ಒಡತಿ, ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. "ನಿನ್ನೆ ಸಾಯಂಕಾಲ ನಾನು ರೇಡಿಯೋ ಹಾಕ್ಕೊಂಡು ಒಲೆ ಮುಂದೆ ಸಮಯಲ್ ಮಾಡ್ತಿದ್ದೆ ಅಮ್ಮಾ. ಮೇಲೆ ಕನ್ನಡದಲ್ಲಿ ಜಗಳ ಕೇಳ್ತು. ಅವ್ಳೋದಾನ್, ಅಷ್ಟೇ. ಪೋಲೀಸಿಗೂ ಅದನ್ನೇ ಹೇಳಿದೆ."

ಸಬ್ ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಗಿತ್ತು. ಕನ್ನಡದವನು, ಕೀಲಿ ಇರುವವನು, ಹೊಟೇಲಿನಲ್ಲಿ ತಟ್ಟೆ ಎತ್ತುವವನು.

"ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಇದು" ಎಂದಳು ಅನಸೂಯ. "ಹೊರಗೆ ಹೋಗುವವನಿಗೆ ಕೀಲಿ ಬೇಡ. ಈ ಬೀದಿಯಲ್ಲೇ ಹನ್ನೆರಡು ಕನ್ನಡದ ಮನೆ ಇವೆ."

"ಹನ್ನೆರಡು ಮನೆಯವರಿಗೂ ಆಫೀಸು ಇದೆ ಮೇಡಂ" ಎಂದ ಅವನು.

ಶೀನನಿಗೆ ಐವತ್ತು ದಾಟಿತ್ತು. ಜೀಪು ಹತ್ತುವಾಗ ಹೇಳಿದ್ದು ಒಂದೇ ಮಾತು. "ಅಕ್ಕ, ಕ್ಯಾರಿಯರ್ ಹೊಟೇಲಿಗೆ ಮುಟ್ಟಿಸಿ. ಇಲ್ಲದಿದ್ದರೆ ಮ್ಯಾನೇಜರು ಬೈತಾರೆ."

*

ಸೋಮವಾರ ಬೆಳಗ್ಗೆ ಠಾಣೆಯ ಎದುರಿನ ಫುಟ್‌ಪಾತಿನಲ್ಲಿ ಶೀನನ ಹೆಂಡತಿ ಗುಣವತಿ ಕೂತಿದ್ದಳು. ಭಾನುವಾರದಿಂದ ಅಲ್ಲೇ.

"ಒಪ್ಪಿಕೊಂಡಿದ್ದಾರಂತೆ ಅಕ್ಕ. ಕಾಗದಕ್ಕೆ ಸಹಿ ಹಾಕಿದ್ದಾರಂತೆ. ಮತ್ತೆ ಯಾಕೆ ಹೊಡೀತಾರೆ? ಒಪ್ಪಿಕೊಂಡ ಮೇಲೆ ಹೊಡಿಲಿಕ್ಕೆ ಎಂತ ಉಂಟು?"

ಅನಸೂಯ ಒಳಗೆ ಹೋಗಿ ಅದನ್ನೇ ಕೇಳಿದಳು.

"ಮಾಲು ಬೇಕಲ್ಲ" ಎಂದ ಸಬ್ ಇನ್‌ಸ್ಪೆಕ್ಟರ್. "ಹದಿನೆಂಟು ಚಿನ್ನದ ಕಾಸು. ಎಲ್ಲಿಟ್ಟಿದ್ದಾನೆ ಅಂತ ಹೇಳುತ್ತಿಲ್ಲ."

"ಇಲ್ಲದ ಚಿನ್ನ ಎಲ್ಲಿಟ್ಟಿದ್ದೇನೆ ಅಂತ ಹೇಗೆ ಹೇಳ್ತಾರೆ? ಹಿಡಿದು ಇಪ್ಪತ್ನಾಲ್ಕು ಗಂಟೆ ಆಯ್ತು. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಲ್ವಾ?"

"ಹಿಡಿದದ್ದು ಯಾವಾಗ ಅಂತ ಬರೆಯುವವನು ನಾನು. ಬುಧವಾರ ನಿಲ್ಲಿಸುತ್ತೇನೆ. ಮಾಲಿನ ಜೊತೆ."

ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಟೈಪ್ ಮಾಡುತ್ತಿದ್ದ ಕಾನ್‌ಸ್ಟೇಬಲ್ ತಲೆ ಎತ್ತಲಿಲ್ಲ. ಅನಸೂಯಳಿಗೆ ಅಳು ಬರಲಿಲ್ಲ. ಆ ಟೈಪ್‌ರೈಟರನ್ನು ಎತ್ತಿ ಯಾರ ತಲೆಯ ಮೇಲಾದರೂ ಹಾಕಬೇಕು ಅನ್ನಿಸಿತು. ಹೊರಗೆ ಬಂದು ಬ್ಯಾಂಕಿಗೆ ಫೋನ್ ಮಾಡಿ ಎರಡು ದಿನ ರಜೆ ಹೇಳಿದಳು.

*

ಮೊದಲು ಮುರಳೀಧರನ ಆಫೀಸಿಗೆ ಹೋದಳು. ವಿಮಾ ಕಚೇರಿಯ ಗುಮಾಸ್ತ, ಹುಬ್ಬಳ್ಳಿಯ ಕಡೆಯವನು. ಮದರಾಸಿನ ಕನ್ನಡದವರದೊಂದು ನಾಣ್ಯ ಕೂಟವಿತ್ತು. ಹನ್ನೊಂದು ಜನ. ಭೋಜರಾಜರೂ ಅದರಲ್ಲಿದ್ದರು, ಮುರಳೀಧರನೂ ಇದ್ದ. ಹೋದ ತಿಂಗಳು ಅವನ ಅಪರೂಪದ ಆರ್ಕಾಟ್ ರೂಪಾಯಿಯನ್ನು, ಕಂಪನಿ ಕಾಲದ ಬೆಳ್ಳಿ ನಾಣ್ಯವನ್ನು, ಭೋಜರಾಜರು ಎಲ್ಲರೆದುರು ಖೋಟಾ ಎಂದಿದ್ದರು. ಮುರಳೀಧರ ಎದ್ದುನಿಂತು ಬೈದ ಸುದ್ದಿ ಕನ್ನಡದ ಮನೆಗಳಲ್ಲೆಲ್ಲ ಹಬ್ಬಿ ಅವಳಿಗೂ ಮುಟ್ಟಿತ್ತು.

ಅವಳು ಬಳಸಿ ಮಾತಾಡಲಿಲ್ಲ. "ಕಳ್ಳ ಟ್ರೇಗಳನ್ನ ನೆಲಕ್ಕೆ ಎಸೆದಿದ್ದಾನೆ. ನಾಣ್ಯಗಳನ್ನ ಮಾತ್ರ ಹೊದಿಕೆ ಹರಡಿ ಅದರ ಮೇಲೆ ಸುರಿದಿದ್ದಾನೆ. ಕಲ್ಲು ನೆಲಕ್ಕೆ ನಾಣ್ಯ ಬೀಳಿಸೋಕೆ ಅವನ ಕೈ ಬರಲಿಲ್ಲ. ಹಾಗೆ ಮಾಡೋನು ನಾಣ್ಯದವನು. ನಿಮ್ಮ ಕೂಟದವನು. ನಿಮಗೆ ಅವರ ಮೇಲೆ ಸಿಟ್ಟಿತ್ತು."

ಮುರಳೀಧರ ಪೆನ್ನಿನ ಕ್ಯಾಪು ಹಾಕಿದ. "ಬೈದೀನಿ. ಎಲ್ಲಾರ ಮುಂದ ಬೈದೀನಿ. ಮುಟ್ಟಿಲ್ಲ. ಮರುದಿನ ಅವರಽ ನಮ್ಮನಿಗೆ ಬಂದರು. ಆ ರೂಪಾಯಿಗೆ ನಾ ಎಷ್ಟು ಕೊಟ್ಟಿದ್ದೆನೋ ಅಷ್ಟೂ ಎಣಿಸಿ ಕೊಟ್ಟು ಅದನ್ನ ಒಯ್ದರು. ಖೋಟಾ ಅಂದವರಽ ಖೋಟಾ ಕೊಂಡರು, ನೋಡು. ನಂದೊಂದ ಅಲ್ಲ, ಇನ್ನೂ ಐದು ಮಂದೀದು ಹಂಗ ತಗೊಂಡಾರ. ಬರೋ ಕೂಟದಾಗ ಏನೋ ಓದತೀನಿ, ಬಂದು ಕೇಳು ಅಂದಿದ್ದರು."

"ಆ ರೂಪಾಯಿ ನಿಮಗೆ ಮಾರಿದವರು ಯಾರು?"

"ಅದನ್ನ ಕೇಳಬ್ಯಾಡ. ಕೂಟದಾಗ ಯಾರೂ ಹೇಳಂಗಿಲ್ಲ."

ಅದು ಅವರ ರೀತಿ. ನಾಣ್ಯ ಎಲ್ಲಿಂದ ಬಂತೆಂದು ಬಾಯಿ ಬಿಟ್ಟರೆ ಮುಂದಿನ ನಾಣ್ಯ ಇನ್ನೊಬ್ಬನ ಪಾಲಾಗುತ್ತದೆ. ಹೆಂಡತಿಗೂ ಹೇಳುವುದಿಲ್ಲ.

"ಅಲ್ಲಿ ಶೀನಣ್ಣನ್ನ ಹೊಡೀತಿದ್ದಾರೆ ಸರ್."

"ಹೊಟೇಲದವನನ್ನ? ಪಾಪ."

"ಪಾಪ ಅಂದ್ರೆ ಬಿಡಲ್ಲ ಅವರು."

ಮುರಳೀಧರ ಫೈಲು ತೆರೆದ. ಅವಳು ಎದ್ದು ಬಂದಳು.

*

ಪೊಲೀಸರು ಕೋಣೆಗೆ ಮುದ್ರೆ ಹಾಕಿರಲಿಲ್ಲ. ಚಿನ್ನ ಹೋದ ಮೇಲೆ ಉಳಿದದ್ದು ಖೋಟಾ ಎಂದು ಅವರೂ ಆಗ ಒಪ್ಪಿದ್ದರು. ಜಲಜಾಕ್ಷಿಯಮ್ಮ ಬೀಗ ತೆಗೆದರು. "ಏನು ಹುಡುಕ್ತೀ ಅಮ್ಮಾ?"

"ಏನು ಹೋಗಿದೆ ಅಂತ."

ಒಂದೊಂದು ಟ್ರೇಯಲ್ಲೂ ಮಖಮಲ್ಲಿನ ಗುಳಿಗಳಿದ್ದವು. ಗುಳಿಯ ಕೆಳಗೆ ಅಂಕಿ. ಗುಳಿಯಲ್ಲಿ ಚೀಟಿ, ಚೀಟಿಯ ಮೇಲೆ ನಾಣ್ಯ. ಚೀಟಿಯಲ್ಲಿ ವರ್ಗ, ತೂಕ, ಗುರುತು. ಭೋಜರಾಜರ ನೋಟುಪುಸ್ತಕ ಎಲ್ಲೂ ಕಾಣಲಿಲ್ಲ. ಚೀಟಿಗಳಿದ್ದವು. ಅನಸೂಯ ನೆಲದ ಮೇಲೆ ಕೂತು ಅಕ್ಕಸಾಲಿಗರ ಚಿಕ್ಕ ತಕ್ಕಡಿ ಎದುರಿಟ್ಟುಕೊಂಡಳು. ಒಂದು ನಾಣ್ಯ ಎತ್ತು, ತೂಗು, ಗುರುತು ನೋಡು, ಅದರ ಚೀಟಿ ಹುಡುಕು, ಗುಳಿಗೆ ಇಡು. ಇನ್ನೊಂದು ಎತ್ತು. ಸೋಮವಾರ ಹಗಲೆಲ್ಲ ಅದೇ. ಕತ್ತಲಾದ ಮೇಲೆ ಮನೆಗೆ ಹೋಗಿ, ಮಂಗಳವಾರ ಬೆಳಗ್ಗೆ ಆರಕ್ಕೇ ಮತ್ತೆ ಬಂದಳು.

ಹತ್ತು ಗಂಟೆಗೆ ಕೆಲಸ ಮುಗಿಯಿತು. ಅಂಕಿಗಳು ಇನ್ನೂರ ಹನ್ನೆರಡರವರೆಗೆ ಇದ್ದವು. ವರಾಹಗಳ ಟ್ರೇ ಇರಲಿಲ್ಲ, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದಿತ್ತು. ಮೂರನೇ ವರ್ಗದ ಕೊನೆಯ ಆರು ಗುಳಿ, ೨೦೭ರಿಂದ ೨೧೨, ಖಾಲಿ. ನಾಣ್ಯವೂ ಇಲ್ಲ, ಚೀಟಿಯೂ ಇಲ್ಲ.

ಕಳ್ಳ ಬಂದದ್ದು ಆ ಆರು ನಾಣ್ಯಕ್ಕೆ. ವರಾಹದ ಟ್ರೇ ಪೊಲೀಸರಿಗೆ ಎಸೆದ ಎಲುಬು.

ಮೊದಲನೇ ವರ್ಗದಲ್ಲಿ ಒಂದು ಚೀಟಿ ನಾಣ್ಯವಿಲ್ಲದೆ ಉಳಿದಿತ್ತು. ನಲವತ್ತನಾಲ್ಕು. "ಆರ್ಕಾಟ್ ರೂಪಾಯಿ. ಒಳಗೆ ತಾಮ್ರ, ಮೇಲೆ ಬೆಳ್ಳಿಯ ಹೊದಿಕೆ. ೯.೮ ಗ್ರಾಂ. ತಾವರೆಯ ಮೇಲೆ ಶರಾಫನ ಮುದ್ರೆ, ಅರ್ಧಚಂದ್ರ."

ಪೊರಕೆ ತಂದು ಬೀರುವಿನ ಅಡಿ ಗುಡಿಸಿದಳು. ಧೂಳಿನ ಜೊತೆ ಒಂದು ರೂಪಾಯಿ ಉರುಳಿಬಂತು. ತಾವರೆ. ಅದರ ಮೇಲೆ ಅರ್ಧಚಂದ್ರ. ಸರಿಹೋಯಿತು ಎಂದುಕೊಂಡು ತಕ್ಕಡಿಗೆ ಹಾಕಿದಳು. ೧೧.೨ ಗ್ರಾಂ.

ಮತ್ತೆ ತೂಗಿದಳು. ೧೧.೨.

ಭೂತಗನ್ನಡಿ ಹಿಡಿದಳು. ಮೈಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು. ಎರಕದ ಗಾಳಿಗುಳ್ಳೆ. ಅಂಚಿನಲ್ಲಿ ಅರ ಉಜ್ಜಿದ ಗೆರೆ. ಇದು ನಲವತ್ತನಾಲ್ಕಲ್ಲ. ಅದರಿಂದ ಅಚ್ಚು ತೆಗೆದು ಎರೆದ ಮರಿ.

ನಲವತ್ತನಾಲ್ಕನೇ ಚೀಟಿಯನ್ನು ಮಗುಚಿದಳು. ಹಿಂದೆ ಭೋಜರಾಜರ ನಡುಗುವ ಅಕ್ಷರ. ಓದಿದಳು. ಸಿಟ್ಟು ಮೊದಲು ಸತ್ತವರ ಮೇಲೆಯೇ ಬಂತು. ಮೂರು ವರ್ಷದಿಂದ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಕಳ್ಳನನ್ನು ಹಿಡಿದುಕೊಡುವ ಬದಲು ಅವನ ಕಸುಬಿನ ಮಾದರಿಗಳನ್ನು ಒಂದೊಂದಾಗಿ ಕೊಂಡು, ಅಂಕಿ ಅಂಟಿಸಿ, ಮಖಮಲ್ಲಿನಲ್ಲಿಟ್ಟಿದ್ದರು.

ಠಾಣೆಗೆ ಹೋದಳು. "ನಿಮ್ಮ ಹದಿನೆಂಟು ಕಾಸು ಇರುವ ಮನೆ ತೋರಿಸ್ತೀನಿ. ಇವತ್ತು ಸಂಜೆ ಐದಕ್ಕೆ. ಮೈಲಾಪೂರ್."

ಚಿನ್ನವೆಂದ ಕೂಡಲೇ ಜೀಪು ಸಿಕ್ಕಿತು.

*

ಕೃಷ್ಣಪ್ರಸಾದರು ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರು, ಕೂಟದ ಅಧ್ಯಕ್ಷರು. ಮೈಲಾಪೂರಿನ ಅವರ ಫ್ಲಾಟಿನಲ್ಲಿ ಸಂತಾಪ ಸಭೆ ಇತ್ತು. ಭೋಜರಾಜರ ಫೋಟೋಗೆ ಮಲ್ಲಿಗೆ ಹಾರ. ಉಳಿದ ಒಂಬತ್ತು ಸದಸ್ಯರ ಕೈಯಲ್ಲಿ ಕಾಫಿ ಲೋಟ. ಕೃಷ್ಣಪ್ರಸಾದರು ಎರಡು ನಿಮಿಷ ಮೌನ ಮಾಡಿಸಿ, ಇಂಥ ಪ್ರಾಮಾಣಿಕರು ಅಪರೂಪ ಎಂದರು.

ಅನಸೂಯ ಸಬ್ ಇನ್‌ಸ್ಪೆಕ್ಟರನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಬಂದು ಟೀಪಾಯಿಯ ಮೇಲೆ ರೂಪಾಯಿ ಇಟ್ಟಳು.

"ಇಂಥದ್ದನ್ನ ಕೊಂಡವರು ಆರು ಜನ ಇಲ್ಲೇ ಇದ್ದೀರ. ಯಾರಿಂದ ಕೊಂಡ್ರಿ?"

ಎಲ್ಲರೂ ತಮ್ಮ ತಮ್ಮ ಲೋಟಗಳನ್ನು ನೋಡಿದರು. ಒಬ್ಬ ಸತ್ತಿದ್ದ. ಇನ್ನೊಬ್ಬ ಲಾಕಪ್ಪಿನಲ್ಲಿ ಏಟು ತಿನ್ನುತ್ತಿದ್ದ. ಇವರು ರೀತಿ ಕಾಪಾಡುತ್ತಿದ್ದರು.

"ಕೂತ್ಕೋ ಮಗೂ" ಎಂದರು ಕೃಷ್ಣಪ್ರಸಾದರು. "ನಿನಗೆ ದುಃಖ ಆಗಿದೆ. ಕಾಫಿ ತಗೋ."

"ನನಗೆ ದುಃಖ ಆಗಿಲ್ಲ, ಸಿಟ್ಟು ಬಂದಿದೆ. ಈ ಅರ್ಧಚಂದ್ರ ನೋಡಿ ಎಲ್ಲರೂ. ಹಿಂದೆ ಶರಾಫರು ನಾಣ್ಯ ಪರೀಕ್ಷೆ ಮಾಡಿ ಕೈಯಿಂದ ಹೊಡೀತಿದ್ದ ಗುರುತು. ಒಬ್ಬನ ಹಣೆಯ ಗಾಯ ಇನ್ನೊಬ್ಬನ ಹಣೆ ಮೇಲೆ ಅದೇ ಜಾಗದಲ್ಲಿ, ಅದೇ ಆಳಕ್ಕೆ ಇರುತ್ತಾ? ನಿಮ್ಮ ಆರೂ ರೂಪಾಯಿಯಲ್ಲಿ ಇದೇ ಜಾಗದಲ್ಲಿತ್ತು. ಒಬ್ಬೊಬ್ಬರೂ ಒಂದೊಂದನ್ನ ಮುಚ್ಚಿಟ್ಕೊಂಡಿದ್ರಿ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಒಟ್ಟಿಗೆ ಇಟ್ಟು ನೋಡಿದವರು ಭೋಜರಾಜರು ಒಬ್ಬರೇ. ಆರೂ ಒಂದೇ ತಾಯಿಯಿಂದ ಎರಕ ಹೊಯ್ದವು. ಆ ತಾಯಿ ಭೋಜರಾಜರ ನಲವತ್ನಾಲ್ಕನೇ ನಾಣ್ಯ. ಅದನ್ನ ಎರವಲು ತಗೊಂಡವರು ಒಬ್ಬರೇ."

ಚೀಟಿಯ ಹಿಂಬದಿಯನ್ನು ಓದಿದಳು. "ಮಾರ್ಚ್ ೧೯೭೯. ಕೃಷ್ಣಪ್ರಸಾದರು ಫೋಟೋ ತೆಗೆಯಲು ಅಸಲಿ ರೂಪಾಯಿ ಕೇಳಿದರು. ಅವರ ಕಣ್ಣು ಪರೀಕ್ಷಿಸಲು ಇದನ್ನು ಕೊಟ್ಟೆ. ಏಪ್ರಿಲ್. ವಾಪಸು. ಅಂಚಿನಲ್ಲಿ ಜೇಡಿಮಣ್ಣು."

ಕೃಷ್ಣಪ್ರಸಾದರು ಕನ್ನಡಕ ಒರೆಸಿದರು. "ಫೋಟೋಗೇ ತಗೊಂಡದ್ದು. ಒಂದು ಚೀಟಿಯಿಂದ ಏನು ಸಾಬೀತಾಗುತ್ತೆ? ಮುದುಕನ ತಮಾಷೆ ಅದು. ಅವನು ಕೊಟ್ಟದ್ದು ಅಸಲಿ ನಾಣ್ಯ. ಮೂವತ್ತು ವರ್ಷ ಪಳಗಿದ ಕಣ್ಣು ನನ್ನದು, ಅಮ್ಮಾ."

"ಶನಿವಾರ ಆ ಏಳು ರೂಪಾಯಿ ಅವರ ಮೇಜಿನ ಮೇಲಿದ್ವು. ತಾಯಿ ಒಂದು, ಮರಿ ಆರು. ಮೇಜು ಮಗುಚಿತು. ಒಂದು ಬೀರುವಿನ ಅಡಿಗೆ ಹೋಯ್ತು. ನೀವು ಎತ್ಕೊಂಡದ್ದು ಆರು. ಚೀಟಿಯೂ ಆರು. ಲೆಕ್ಕ ಸರಿಹೋಯ್ತು ಅಂದ್ಕೊಂಡ್ರಿ. ಅದರಲ್ಲಿ ಒಂದು ನಿಮ್ಮದಲ್ಲ, ಸರ್. ತಾಮ್ರದ ಖೋಟಾ. ನೀವು ಮೂರು ವರ್ಷದಿಂದ ಬೆಳ್ಳಿ ಕರಗಿಸಿ ನಕಲು ಮಾಡಿದ್ದು ಯಾವನೋ ಹಸಿದವನ ಸಂತೆ ಖೋಟಾವನ್ನ. ನಿಮ್ಮ ಕಣ್ಣಿಗೆ ಅದು ಗೊತ್ತಾಗಲೇ ಇಲ್ಲ."

ಕೃಷ್ಣಪ್ರಸಾದರ ಕಣ್ಣು ಒಳಗಿನ ಕೋಣೆಯ ಕಬ್ಬಿಣದ ಬೀರುವಿನ ಕಡೆ ಹೋಗಿ ಬಂತು. ಚಿನ್ನ ಹುಡುಕುತ್ತ ನಿಂತವನಿಗೆ ಅಷ್ಟು ಸಾಕು. ಸಬ್ ಇನ್‌ಸ್ಪೆಕ್ಟರ್ ಒಳಗೆ ನುಗ್ಗಿದ.

ಮುರಳೀಧರ ಲೋಟ ಕೆಳಗಿಟ್ಟ. "ಇವರಽ ಮಾರಿದ್ದು" ಎಂದ. ನಿಧಾನವಾಗಿ, ನೆಲ ನೋಡುತ್ತ. "ನನಗ ಇವರಽ ಮಾರಿದ್ದು." ಆಮೇಲೆ ಇನ್ನೊಬ್ಬ ಕೈ ಎತ್ತಿದ. ಆಮೇಲೆ ಇನ್ನೊಬ್ಬ.

ಬೀರುವಿನ ಕೆಳಗಿನ ಖಾನೆಯಲ್ಲಿ ಎಲ್ಲ ಇತ್ತು. ನೋಟುಪುಸ್ತಕ. ಪಂಚೆಯಲ್ಲಿ ಸುತ್ತಿದ ವರಾಹದ ಟ್ರೇ. ಆರು ರೂಪಾಯಿ, ಒಂದೊಂದನ್ನೂ ಬೇರೆ ಬೇರೆ ಹತ್ತಿಯಲ್ಲಿ ಸುತ್ತಿಟ್ಟದ್ದು. ಕೂವಂ ನದಿಗೆ ಎಸೆದಿದ್ದರೆ ಬದುಕಿಕೊಳ್ಳುತ್ತಿದ್ದರು. ನಾಣ್ಯ ಬಿಸಾಡುವ ಕೈ ಅಲ್ಲ ಅದು. ಕೊಲೆ ಮಾಡಿದ ಕೋಣೆಯಲ್ಲೂ ಹೊದಿಕೆ ಹರಡಿ ಸುರಿದ ಕೈ.

"ಒಂದು ನಿಮಿಷ" ಎಂದು ಕೃಷ್ಣಪ್ರಸಾದರು ತಮ್ಮ ತಕ್ಕಡಿ ತಂದರು. ಯಾರೂ ತಡೆಯಲಿಲ್ಲ. ಒಂದೊಂದಾಗಿ ತೂಗಿದರು. ೧೧.೨. ೧೧.೩. ೧೧.೨. ನಾಲ್ಕನೆಯದು ಹಾಕಿದಾಗ ಮುಳ್ಳು ಬೇರೆ ಕಡೆ ನಿಂತಿತು. ೯.೮.

ಫೋಟೋಗೆ ಹಾರ ಹಾಕುವಾಗ ಇಳಿಯದಿದ್ದ ಮುಖ ಆಗ ಇಳಿಯಿತು.

"ಕೂಟದಲ್ಲಿ ಓದಬೇಡ ಅಂತ ಕೇಳೋಕೆ ಹೋದೆ" ಎಂದರು, ತಕ್ಕಡಿಗೆ ಹೇಳುವಂತೆ. "ನಗ್ತಾ ಇದ್ದ. ಯಾಕೆ ಅಂತ ಹೇಳದೆ ನಗ್ತಾನೇ ಇದ್ದ. ತಳ್ಳಿದೆ."

"ಶೀನಣ್ಣನ್ನ ಹಿಡಿದದ್ದು ನಿಮಗೆ ಗೊತ್ತಿತ್ತಾ?"

"ಪೇಪರಿನಲ್ಲಿ ಓದಿದೆ."

"ಓದಿ?"

ಕೃಷ್ಣಪ್ರಸಾದರು ಅವಳನ್ನು ನೋಡಿದರು. ಆ ಪ್ರಶ್ನೆ ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

*

ಠಾಣೆಯಲ್ಲಿ ಕೃಷ್ಣಪ್ರಸಾದರಿಗೆ ಕುರ್ಚಿ ಹಾಕಿದರು. ಫ್ಯಾನು ಅವರ ಕಡೆ ತಿರುಗಿಸಿದರು. ಶೀನನನ್ನು ಒಳಗಿನಿಂದ ನಡೆಸಿಕೊಂಡು ಬಂದರು. ಅವನು ಗೋಡೆ ಹಿಡಿದು ನಿಂತ. ಬಲಗೈ ಮಣಿಕಟ್ಟಿನಿಂದ ಕೆಳಗೆ ಬಾಳೆಮೂತಿಯಂತೆ ಊದಿ ಕೆಂಪಾಗಿತ್ತು. ಬೆರಳು ಮಡಚುತ್ತಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಒಂದು ಕಾಗದ ಮುಂದೆ ತಳ್ಳಿದ. "ಸಹಿ ಹಾಕಿ ಹೋಗು."

ಅನಸೂಯ ಓದಿದಳು. ಲಾಕಪ್ಪಿನಲ್ಲಿ ಕಾಲು ಜಾರಿ ಬಿದ್ದೆ, ಯಾರ ಮೇಲೂ ದೂರಿಲ್ಲ ಎಂದಿತ್ತು.

"ಹಾಕಬೇಡಿ ಶೀನಣ್ಣ."

"ಹಾಕದಿದ್ದರೆ ಬಿಡುದಿಲ್ಲ ಅಂತಾರೆ ಅಕ್ಕ. ಮೂರು ದಿನ ಆಯ್ತು ಇವಳು ರಸ್ತೆಯಲ್ಲಿ ಕೂತು." ಬಾಗಿಲಲ್ಲಿ ಗುಣವತಿ ನಿಂತಿದ್ದಳು. ಶೀನ ಎಡಗೈಯಲ್ಲಿ ಪೆನ್ನು ಹಿಡಿದ. ಬಹಳ ಹೊತ್ತು ಬರೆದ. ಎರಡೇ ಅಕ್ಷರ, ಒಂದು ಮೇಲೆ, ಒಂದು ಕೆಳಗೆ.

ಸಬ್ ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದ. "ಇದು ಸಹಿಯಾ? ಮೊನ್ನೆ ಒಪ್ಪಿಗೆಯ ಕಾಗದಕ್ಕೆ ನೆಟ್ಟಗೆ ಹಾಕಿದ್ದೆಯಲ್ಲ."

"ಮೊನ್ನೆ ಬಲಗೈ ಇತ್ತು ಸಾರ್" ಎಂದ ಶೀನ.

ಟೈಪ್‌ರೈಟರ್ ನಿಂತಿತು.

ಅನಸೂಯ ಆ ಕಾಗದವನ್ನು ಮೇಜಿನಿಂದ ಎತ್ತಿ ಮಡಚಿ ಚೀಲಕ್ಕೆ ಹಾಕಿದಳು. ಸಬ್ ಇನ್‌ಸ್ಪೆಕ್ಟರ್ ಎದ್ದು ಕೈ ಚಾಚಿದ. ಅವಳು ಕೊಡಲಿಲ್ಲ.

"ಮೊನ್ನೆಯದು ನಿಮ್ಮ ಫೈಲಿನಲ್ಲಿದೆ. ಇವತ್ತಿನದು ನನ್ನ ಹತ್ರ ಇರಲಿ. ಕೈಯನ್ನ ಡಾಕ್ಟರಿಗೆ ಈಗಲೇ ತೋರಿಸಿ ಬರೆಸ್ಕೋತೀನಿ. ಮೂರನ್ನೂ ಕೋರ್ಟಿನಲ್ಲಿ ಪಕ್ಕಪಕ್ಕ ಇಡೋಣ ಸರ್. ಯಾವುದು ಯಾವ ಖೋಟಾ ಅಂತ ವರ್ಗ ಮಾಡೋದು ಅವರಿಗೆ ಬಿಡೋಣ."

"ಮೇಡಂ, ಕೊಡಿ ಅದನ್ನ."

ಗುಣವತಿ ಬಾಗಿಲಿನಿಂದ ಒಳಗೆ ಬಂದು ಇಬ್ಬರ ನಡುವೆ ನಿಂತಳು. ಸರಿಯಲಿಲ್ಲ. ಅವಳ ಹಿಂದಿನಿಂದ ಅನಸೂಯ ಶೀನನ ಎಡಗೈ ಹಿಡಿದು ಮೆಟ್ಟಿಲು ಇಳಿಸಿದಳು.